ಪಾತ್ರದ ಕೈಯಲ್ಲಿ ದುಡ್ಡೆಷ್ಟಿದೆ?

(ಈ ತಿಂಗಳು ಓದುಗರ ಪ್ರಶ್ನೆಗಳಿಗೆ ಉತ್ತರಿಸಿರುವವರು ಶಿಡ್ಲಘಟ್ಟದ ಕಾದಂಬರಿಕಾರ್ತಿ. ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕವೊಂದರಲ್ಲಿ ಬಹುಕಾಲ ಲೆಕ್ಕ ಬರೆಯುತ್ತಿದ್ದ ಇವರ ಮೊದಲ ಕಾದಂಬರಿ ಅಚ್ಚಾಗುವ ಹೊತ್ತಿಗೆ ಮಗಳ ಮದುವೆಯೂ ಮುಗಿದಿತ್ತು. – ಸಂ.)

ಅಮ್ಮ, ನಿಮ್ಮ ಮನೆಮಾತು ತೆಲುಗು ಎಂದು ಕೇಳಿದ್ದೇನೆ. ಕನ್ನಡದ ಓದು ಹೇಗೆ ಹತ್ತಿತು? ಮನೆಯಲ್ಲಿ ಪುಸ್ತಕಗಳಿದ್ದವೇ?
– ಓದುಗಿ, ಹಾಸನ

ಪುಸ್ತಕ ಇರಲಿಲ್ಲ, ಪಂಚಾಂಗ ಇತ್ತು. ಮನೆಮಾತಿನ ವಿಷಯ ನಮ್ಮ ಕಡೆ ಯಾರಿಗೂ ವಿಶೇಷವೆನಿಸುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಜನ ಒಲೆಯ ಮುಂದೆ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಗೂಡಿನ ಮಾರುಕಟ್ಟೆಗೆ ಹೋದರೆ ಉರ್ದುವನ್ನೂ ಸೇರಿಸಿ ಚೌಕಾಸಿ ಮಾಡುತ್ತಾರೆ.

ನಮ್ಮದು ರೇಷ್ಮೆಹುಳು ಸಾಕುವ ಮನೆ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಹುಳುವಿಗೆ ಎಲ್ಲಿಲ್ಲದ ಹಸಿವು. ನಡುರಾತ್ರಿಯಲ್ಲೂ ಎದ್ದು ಸೊಪ್ಪು ಹಾಕಬೇಕು. ಅಜ್ಜಿ ತಟ್ಟೆಯಿಂದ ತಟ್ಟೆಗೆ ಹೋಗುತ್ತಿದ್ದಳು, ನಾನು ಲಾಂದ್ರ ಹಿಡಿದು ಹಿಂದೆ ನಿಲ್ಲುತ್ತಿದ್ದೆ. ನಿದ್ದೆ ಹತ್ತದಿರಲೆಂದು ಅವಳು ಕೈವಾರ ತಾತಯ್ಯನವರ ಪದಗಳನ್ನು ಹಾಡುತ್ತಿದ್ದಳು. ತಾತಯ್ಯನವರು ಊರೂರು ತಿರುಗಿ ಬಳೆ ಮಾರಿದವರು, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಒಂದಕ್ಷರವೂ ಬಾರದ ಅಜ್ಜಿಗೆ ಅಷ್ಟು ಪದಗಳು ಹೇಗೆ ನೆನಪಿದ್ದವೋ! ಮರೆತ ಕಡೆ ಅವಳು ತಾನೇ ಒಂದು ಸಾಲು ಸೇರಿಸುತ್ತಿದ್ದಳು ಎಂಬ ಗುಮಾನಿ ನನಗೆ ಈಗಲೂ ಇದೆ.

ಓದಿನ ಹುಚ್ಚು ಹತ್ತಿಸಿದವನು ಸೋದರಮಾವ. ಖಾಸಗಿ ಬಸ್ಸಿನ ಕಂಡಕ್ಟರ್. ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದ ಪತ್ರಿಕೆಗಳೆಲ್ಲ ಅವನ ಚೀಲ ಸೇರಿ ನಮ್ಮ ಮನೆಗೆ ಬರುತ್ತಿದ್ದವು: ‘ಚಂದಮಾಮ’, ‘ಸುಧಾ’, ರಟ್ಟು ಹರಿದ ಪತ್ತೇದಾರಿ ಕಾದಂಬರಿಗಳು. ಧಾರಾವಾಹಿಯ ಒಂದು ಕಂತು ಸಿಕ್ಕರೆ ಮುಂದಿನ ನಾಲ್ಕೈದು ಸಿಗುತ್ತಿರಲಿಲ್ಲ. ಹೋದ ವಾರ ನಾಯಕಿಯನ್ನು ಮನೆಯಿಂದ ಹೊರಗೆ ಹಾಕಿದ್ದರು, ಈ ವಾರ ಅವಳು ಅದೇ ಮನೆಯಲ್ಲಿ ಬಾಣಂತಿ. ನಡುವೆ ಏನಾಯಿತೆಂದು ತಮ್ಮಂದಿರಿಗೆ ನಾನೇ ಹೇಳಬೇಕಿತ್ತು. ಹೇಳುತ್ತಿದ್ದೆ. ಅವರು ನಂಬುತ್ತಿದ್ದರು.

ನಿಮ್ಮ ಮೇಲೆ ಯಾವ ಲೇಖಕರ ಪ್ರಭಾವ ಹೆಚ್ಚು?
– ಓದುಗ, ಮುಳಬಾಗಿಲು

ಮುಳಬಾಗಿಲಿನಿಂದ ಕೇಳಿದ್ದೀರಿ, ಡಿ.ವಿ.ಜಿ. ಹುಟ್ಟಿದ ಊರು. ನಿಮ್ಮನ್ನು ಮೆಚ್ಚಿಸಲು ಕಗ್ಗ ಎನ್ನಬಹುದಿತ್ತು. ಆದರೆ ನಾನು ಮತ್ತೆ ಮತ್ತೆ ತೆಗೆಯುವುದು ಅವರ ‘ಜ್ಞಾಪಕ ಚಿತ್ರಶಾಲೆ’ಯನ್ನು. ವಿದ್ವಾಂಸರು, ಸಂಗೀತಗಾರರು, ವೈದಿಕರು ಒಬ್ಬೊಬ್ಬರೂ ತಮ್ಮ ಮಾತಿನ ವರಸೆಯೊಂದಿಗೆ ಅಲ್ಲಿ ನಡೆದುಬರುತ್ತಾರೆ. ಕಾದಂಬರಿ ಬರೆಯುವವರಿಗೆ ಕಗ್ಗಕ್ಕಿಂತ ಅದೇ ಹೆಚ್ಚು ಉಪಯೋಗ ಎಂದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ.

ಮಾಲೂರು ತಾಲ್ಲೂಕಿನ ಮಾಸ್ತಿಯವರ ಕತೆಗಳನ್ನು ಶಾಖಾ ಗ್ರಂಥಾಲಯದಿಂದ ತಂದು ಓದಿದೆ. 1983ರಲ್ಲಿ ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಬಂದಾಗ ನಮ್ಮದು ಇನ್ನೂ ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಯಿತು. ಆದರೂ ಇವರಿಬ್ಬರನ್ನೂ ‘ನಮ್ಮ ಜಿಲ್ಲೆಯವರು’ ಎನ್ನುವ ಅಭ್ಯಾಸವನ್ನು ಬಿಡಲು ನಾನು ತಯಾರಿಲ್ಲ. ಮಾಸ್ತಿ ದನಿ ಎತ್ತುವುದಿಲ್ಲ. ಅವರು ಸರ್ಕಾರಿ ಅಧಿಕಾರಿಯಾಗಿದ್ದವರು. ಎದುರಿಗೆ ನಿಂತವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಅವರ ಗದ್ಯದಲ್ಲಿದೆ.

ಆದರೆ ನನ್ನನ್ನು ಅಲ್ಲಾಡಿಸಿದ್ದು ಕಾರಂತರ ‘ಚೋಮನ ದುಡಿ’. 1933ರ ಪುಸ್ತಕ. ನಾನು ಓದುವಾಗ ಲೆಕ್ಕದ ಕೆಲಸಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ಚೋಮನಿಗೆ ಭೂಮಿಯ ಆಸೆ ಎಂದು ಎಲ್ಲರೂ ಹೇಳುತ್ತಾರೆ, ನಿಜ. ನನಗೆ ಕಂಡಿದ್ದು ಕಾಫಿ ತೋಟದ ಸಾಲ. ಮಕ್ಕಳು ಘಟ್ಟ ಹತ್ತುವುದು ಅದಕ್ಕಾಗಿ, ಮಗಳು ಬೆಳ್ಳಿಗೆ ಆಗುವುದೆಲ್ಲ ಅದರಿಂದ. ಆ ಸಾಲವನ್ನು ಕಾದಂಬರಿಯಿಂದ ತೆಗೆದುಬಿಡಿ, ಏನು ಉಳಿಯುತ್ತದೆ ನೋಡಿ.

ಮೇಡಂ, ನೀವು ಕತೆಯನ್ನು ರೇಷ್ಮೆಯ ಎಳೆಯಂತೆ ನೂಲುತ್ತೀರಿ! ಈ ಸ್ಫೂರ್ತಿ ಎಲ್ಲಿಂದ?
– ಅಭಿಮಾನಿ, ಮೈಸೂರು

ಅಭಿಮಾನಕ್ಕೆ ಕೃತಜ್ಞತೆ. ಹೋಲಿಕೆಯನ್ನು ಮಾತ್ರ ವಾಪಸು ತೆಗೆದುಕೊಳ್ಳಿ. ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ! ಕುದಿನೀರಿನಲ್ಲಿ ಕೈ ಇಟ್ಟವರು ಯಾರೂ ಹಾಗೆ ಹೇಳಿದ್ದು ಕೇಳಿಲ್ಲ.

ಬಿಚ್ಚಾಣಿಕೆ ಎಂದರೆ ಹೀಗೆ. ಗೂಡಿನ ಎಳೆ ಗೋಂದಿನಿಂದ ಅಂಟಿಕೊಂಡಿರುತ್ತದೆ, ಬೇಯಿಸಿದರೆ ಮಾತ್ರ ಸಡಿಲವಾಗುತ್ತದೆ. ಬೇಸಿನ್ನಿನ ಮುಂದೆ ಕೂತ ಹೆಂಗಸು ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ ತೆಗೆಯಬೇಕು, ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿದರೆ ಆ ಕ್ಷಣವೇ ಇನ್ನೊಂದರ ಎಳೆ ಕೊಡಬೇಕು, ಇಲ್ಲದಿದ್ದರೆ ನೂಲು ಸಣ್ಣಗಾಗಿ ದರ ಬೀಳುತ್ತದೆ. ಸಂಜೆ ಕೂಲಿ ಪಡೆಯಲು ನನ್ನ ಮೇಜಿಗೆ ಬರುತ್ತಿದ್ದವರ ಬೆರಳ ತುದಿಗಳು ಬೆಳ್ಳಗೆ ಉಬ್ಬಿ ಸುಕ್ಕುಗಟ್ಟಿರುತ್ತಿದ್ದವು. ಹೆಬ್ಬೆಟ್ಟು ಒತ್ತಿಸಿದರೆ ಗೆರೆಗಳೇ ಮೂಡುತ್ತಿರಲಿಲ್ಲ, ಶಾಯಿಯ ಮಚ್ಚೆ ಅಷ್ಟೇ.

ನನಗೆ ಕಾದಂಬರಿ ಸಿಕ್ಕಿದ್ದು ಆ ಮೇಜಿನ ಮೇಲಿದ್ದ ಲೆಜರಿನಲ್ಲಿ. ಲಾಟ್ ಸಂಖ್ಯೆ, ಗೂಡಿನ ತೂಕ, ಹರಾಜಿನ ದರ, ಸೌದೆ, ಕೂಲಿ, ಮುಂಗಡ. ಏಳೆಂಟು ಕಿಲೋ ಗೂಡಿನಿಂದ ಒಂದು ಕಿಲೋ ನೂಲು ಬಂದರೆ ಮಾಲೀಕರ ಮುಖದಲ್ಲಿ ನಗು, ಹತ್ತು ಕಿಲೋ ಹಿಡಿಸಿದರೆ ಅಂದು ಯಾರ ಮೇಲಾದರೂ ಕೂಗಾಟ. ಗೂಡು ಕೊಂಡವರು ಒಳ್ಳೆಯ ದರಕ್ಕೆ ಕಾಯುತ್ತ ಕೂರುವ ಹಾಗೂ ಇಲ್ಲ. ಒಳಗಿನ ಹುಳುವನ್ನು ಸಕಾಲದಲ್ಲಿ ಸಾಯಿಸಿ ಒಣಗಿಸದಿದ್ದರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ, ಎಳೆ ತುಂಡುತುಂಡು. ಹೀಗಾಗಿ ಅಲ್ಲಿ ಎಲ್ಲರಿಗೂ ಅವಸರ, ಎಲ್ಲರೂ ಯಾರಿಗಾದರೂ ಬಾಕಿ.

ಮುಂಗಡದ ಅಂಕಣ ನೋಡಬೇಕಿತ್ತು ನೀವು. ಹೆರಿಗೆಗೆಂದೋ ಹಬ್ಬಕ್ಕೆಂದೋ ಒಬ್ಬಳು ಹಣ ತೆಗೆದುಕೊಂಡರೆ ಅದು ತೀರುವವರೆಗೆ ಬೇರೆ ಘಟಕಕ್ಕೆ ಹೋಗುವಂತಿಲ್ಲ. ತೀರುವ ಹೊತ್ತಿಗೆ ಇನ್ನೊಂದು ಖರ್ಚು. ಒಂದೇ ಹೆಸರಿನ ಮುಂದೆ ಸೊನ್ನೆ ಬರೆಯಲು ನಾನು ವರ್ಷಗಟ್ಟಲೆ ಕಾದಿದ್ದೇನೆ. ಅವಳು ಎಷ್ಟು ಹೊತ್ತಿಗೆ ಏಳುತ್ತಾಳೆ, ಯಾರಿಗೆ ಹೆದರುತ್ತಾಳೆ, ಗಂಡನಿಗೆ ಯಾವ ಸುಳ್ಳು ಹೇಳುತ್ತಾಳೆ ಎಂಬುದೆಲ್ಲ ಆ ಒಂದು ಅಂಕಿಯಿಂದ ಹೊರಟು ಬಂತು. ನೀವು ಬರೆಯುವವರಾದರೆ ಕೇಳಿ: ನಿಮ್ಮ ಪಾತ್ರದ ಕಣ್ಣಿನ ಬಣ್ಣ ನನಗೆ ಬೇಡ. ತಿಂಗಳ ಕೊನೆಯಲ್ಲಿ ಅವಳ ಕೈಯಲ್ಲಿ ದುಡ್ಡೆಷ್ಟಿರುತ್ತದೆ ಎಂಬುದು ನಿಮಗೆ ಗೊತ್ತಿರಲಿ. ಪುಸ್ತಕದಲ್ಲಿ ಬರೆಯದಿದ್ದರೂ ಚಿಂತೆಯಿಲ್ಲ.

ನಿಮ್ಮ ಘಟಕದ ಮಾಲೀಕರು ಕಾದಂಬರಿ ಓದಿದರೇ?
– ಓದುಗ, ಚಿಂತಾಮಣಿ

ಓದಿದರು. ‘ದರಗಳನ್ನೆಲ್ಲ ಸರಿಯಾಗಿ ಬರೆದಿದ್ದೀಯಮ್ಮ’ ಎಂದರು. ಬೇರೇನೂ ಹೇಳಲಿಲ್ಲ.

ನನಗೆ ಐವತ್ತು ದಾಟಿದೆ. ಈಗ ಕಾದಂಬರಿ ಶುರು ಮಾಡಿದರೆ ನಗೆಪಾಟಲಾಗುತ್ತೇನೆಯೇ?
– ಗೃಹಿಣಿ, ತಿಪಟೂರು

ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದಿದ್ದು 1963ರಲ್ಲಿ, ‘ಫಣಿಯಮ್ಮ’ ಬರುವ ಹೊತ್ತಿಗೆ ಅರವತ್ತರ ಹತ್ತಿರ. ಯಾರೂ ನಗಲಿಲ್ಲ. ಮನೆಯವರು ನಗಬಹುದು, ಅದಕ್ಕೆ ವಯಸ್ಸು ಕಾರಣವಲ್ಲ.

ಹಸ್ತಪ್ರತಿ ಪುಸ್ತಕವಾದ ಬಗೆಯನ್ನು ವಿವರವಾಗಿ ಹೇಳಿ. ನನ್ನ ಕಾದಂಬರಿಗೆ ಪ್ರಕಾಶಕರು ಸಿಗುತ್ತಿಲ್ಲ.
– ಓದುಗ, ಬಾಗೇಪಲ್ಲಿ

ಘಟಕದ ಹಳೆಯ ಲೆಜರುಗಳಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಬರೆದೆ. ಗೆರೆ ಹಾಕಿದ ಅಂಕಣಗಳಿದ್ದವು, ವಾಕ್ಯಗಳು ಅದಕ್ಕೆ ತಕ್ಕಂತೆ ಚಿಕ್ಕದಾದವು ಎಂದು ಒಬ್ಬ ವಿಮರ್ಶಕರಿಗೆ ಹೇಳಿದಾಗ ಅವರು ನಂಬಲಿಲ್ಲ. ಮೊದಲು ಕಳಿಸಿದ ಪ್ರಕಾಶಕರಿಂದ ಉತ್ತರವೇ ಇಲ್ಲ. ಇನ್ನೊಬ್ಬರು ಅಚ್ಚಿನ ಖರ್ಚು ನೀವೇ ಕೊಡಿ, ಪುಸ್ತಕ ನೀವೇ ಮಾರಿಕೊಳ್ಳಿ ಎಂದರು. ಮತ್ತೆ ಅವರೇಕೆ ಬೇಕು ಎಂದು ನಾನು ಕೇಳಲಿಲ್ಲ, ಬಸ್ ಹತ್ತಿ ಬಂದೆ. ಕೊನೆಗೆ ಬೆಂಗಳೂರಿನ ಒಬ್ಬ ಸಣ್ಣ ಪ್ರಕಾಶಕರು, ‘ಡಿಟಿಪಿ ಮಾಡಿಸಿ ಕಳಿಸಿ, ಓದುತ್ತೇನೆ’ ಎಂದರು.

ಮದುವೆಯ ಕರೆಯೋಲೆ ಮಾಡುವ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದೆ. ಹುಡುಗ ಚುರುಕು, ಆದರೆ ವಧುವರರ ಹೆಸರಿನಂತೆ ಪಾತ್ರಗಳ ಹೆಸರುಗಳನ್ನೆಲ್ಲ ದಪ್ಪಕ್ಷರದಲ್ಲಿ ಹಾಕಿದ್ದ. ಆಮೇಲೆ ಯೂನಿಕೋಡಿಗೆ ಬದಲಾಯಿಸಿದಾಗ ಅರ್ಕಾವೊತ್ತುಗಳು ಜಾಗ ಬಿಟ್ಟು ಓಡಿದ್ದವು. ಮಗಳು ಬಾಣಂತನಕ್ಕೆ ಬಂದಿದ್ದಳು. ಮಗು ಮಲಗಿದಾಗ ಅವಳು ಗಟ್ಟಿಯಾಗಿ ಓದುತ್ತಿದ್ದಳು, ನಾನು ಕರಡು ತಿದ್ದುತ್ತಿದ್ದೆ. ಗಟ್ಟಿಯಾಗಿ ಓದಿಸಿದರೆ ಸುಳ್ಳು ಮಾತುಕತೆ ತಕ್ಷಣ ಸಿಕ್ಕಿಬೀಳುತ್ತದೆ. ಒಂದು ಇಡೀ ಅಧ್ಯಾಯ ಹೀಗೆಯೇ ಹೊರಗೆ ಹೋಯಿತು. ಮೊದಲ ಮುದ್ರಣ 500 ಪ್ರತಿ.

ನಿಮಗೆ ಉಪಯೋಗವಾಗುವ ಮಾತು ಇಷ್ಟು. ಮೊದಲು ವಾರಪತ್ರಿಕೆಗಳಿಗೆ, ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗಳಿಗೆ ಸಣ್ಣಕತೆ ಕಳಿಸಿ. ಪ್ರಕಾಶಕರು ಹೆಸರು ಗುರುತಿಸುವುದು ಅಲ್ಲಿಂದ. ನೀವು ಹರೆಯದವರಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದ ಪ್ರಕಟಣೆ ಬಂದಾಗ ನಿಯಮ ಓದಿ ಹಾಕಿ. ಪ್ರಕಾಶಕರು ಒಪ್ಪಿದ ಸಂತೋಷದಲ್ಲಿ ಬಾಯಿಮಾತಿಗೆ ತಲೆಯಾಡಿಸಬೇಡಿ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ. ಅದನ್ನು ಬೇರೆಯವರಿಗೆ ವಹಿಸಿಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಕಾನೂನು ಎಣಿಸುತ್ತದೆ. ಎಷ್ಟು ಪ್ರತಿ, ಯಾವ ಮುದ್ರಣಕ್ಕೆ, ಗೌರವಧನ ಹಣವೋ ಪುಸ್ತಕವೋ, ಅನುವಾದ ಮತ್ತು ಸಿನಿಮಾ ಹಕ್ಕು ಯಾರದು ಎಂದು ಕೇಳಿ ಬರೆಸಿಕೊಳ್ಳಿ. ಸಾಹಿತಿ ಹೀಗೆಲ್ಲ ದುಡ್ಡಿನ ಮಾತಾಡಬಾರದು ಎನ್ನುವವರು ಸಿಗುತ್ತಾರೆ. ಅವರಿಗೆ ಸಾಮಾನ್ಯವಾಗಿ ಬೇರೆ ಸಂಬಳ ಇರುತ್ತದೆ.

ಮೊಬೈಲಿನಲ್ಲಿ ಓದುತ್ತೀರಾ?
– ವಿದ್ಯಾರ್ಥಿ, ಕೋಲಾರ

ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಲ್ಲ, ಕನ್ನಡಕ ಹುಡುಕುವ ಕೆಲಸ ತಪ್ಪುತ್ತದೆ. ಆದರೆ ಲೆಕ್ಕ ಬರೆದ ಅಭ್ಯಾಸ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕದೆ ಓದಿದ್ದು ನನಗೆ ಓದಿದಂತಾಗುವುದಿಲ್ಲ. ಮೆಚ್ಚಿದ್ದನ್ನು ಕಾಗದದಲ್ಲಿ ಕೊಂಡು ಇನ್ನೊಮ್ಮೆ ಓದುತ್ತೇನೆ.

ಅಕ್ಕ, ನನ್ನ ಹಸ್ತಪ್ರತಿಯನ್ನು ನಿಮಗೆ ಕಳಿಸಬಹುದೇ?
– ಓದುಗಿ, ಗೌರಿಬಿದನೂರು

ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನನಗೆ ತಲುಪಿಸುತ್ತಾರೆ. ಮೊದಲ ಎರಡು ಅಧ್ಯಾಯ ಸಾಕು, ಮುನ್ನುಡಿ ಬೇಡ. ಮೂಲಪ್ರತಿ ನಿಮ್ಮ ಬಳಿಯೇ ಇರಲಿ, ಜೆರಾಕ್ಸ್ ಕಳಿಸಿ. ಮಳೆಗಾಲದಲ್ಲಿ ನಮ್ಮ ಮನೆ ಸೋರುತ್ತದೆ.