ತೆರಿಗೆ ಕದ್ದವನ ಮೇಲೆ ಕ್ರಮ ಕೈಗೊಂಡರೆ ತಪ್ಪೇನು ಎಂದು ಕೇಳುವವರಿಗೆ

ಪ್ರಶ್ನೆ: ರಷ್ಯಾದ ಯೂಕೋಸ್ ತೈಲ ಕಂಪನಿಯ ಮುಖ್ಯಸ್ಥನಾಗಿದ್ದ ಮಿಖಾಯಿಲ್ ಖೊದೊರ್ಕೊವ್‌ಸ್ಕಿ ತೆರಿಗೆ ವಂಚಿಸಿದ್ದು ನಿಜ ತಾನೇ? ಪುಟಿನ್ ಕಾನೂನು ಪ್ರಕಾರ ಒಳಗೆ ಹಾಕಿಸಿದರೆ ಪಾಶ್ಚಾತ್ಯರಿಗೇಕೆ ಹೊಟ್ಟೆಯುರಿ?

ಉತ್ತರ: ಈ ಅಂಕಣ ಶುರುವಾದಾಗಿನಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ಇವತ್ತು ಪೂರ್ತಿ ಉತ್ತರಿಸುತ್ತೇನೆ, ದಯವಿಟ್ಟು ಮತ್ತೆ ಕಳಿಸಬೇಡಿ. 1990ರ ದಶಕದಲ್ಲಿ ಯೂಕೋಸ್ ಹೇಗೆ ಖಾಸಗಿಯವರ ಪಾಲಾಯಿತು ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ.

ತೆರಿಗೆ ಉಳಿಸಲು ಯೂಕೋಸ್, ಮೊರ್ದೋವಿಯಾದಂಥ, ತೆರಿಗೆ ರಿಯಾಯಿತಿಯಿದ್ದ ರಷ್ಯಾದ ಪ್ರದೇಶಗಳಲ್ಲಿ ಹೆಸರಿಗಷ್ಟೇ ಕಂಪನಿಗಳನ್ನು ಇಟ್ಟುಕೊಂಡಿತ್ತು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಸಿಬ್‌ನೆಫ್ಟ್ ಎಂಬ ಇನ್ನೊಂದು ತೈಲ ಕಂಪನಿಯೂ ಚುಕೋಟ್ಕಾ, ಕಲ್ಮೀಕಿಯಾ ಪ್ರದೇಶಗಳಲ್ಲಿ ಇಂಥದೇ ರಿಯಾಯಿತಿ ಬಳಸಿಕೊಂಡಿತ್ತು. ಅದರ ಒಡೆಯ ರೋಮನ್ ಅಬ್ರಮೊವಿಚ್ ಜೈಲಿಗೆ ಹೋಗಲಿಲ್ಲ. 2005ರಲ್ಲಿ ಸರ್ಕಾರಿ ಹಿಡಿತದ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ ಸುಮಾರು 1,300 ಕೋಟಿ ಡಾಲರ್ ಕೊಟ್ಟು ಸಿಬ್‌ನೆಫ್ಟನ್ನು ಕೊಂಡುಕೊಂಡಿತು. ಖೊದೊರ್ಕೊವ್‌ಸ್ಕಿ ಮಾತ್ರ 2003ರ ಫೆಬ್ರವರಿಯಲ್ಲಿ ಕ್ರೆಮ್ಲಿನ್ ಸಭೆಯಲ್ಲಿ, ಕ್ಯಾಮೆರಾಗಳ ಮುಂದೆ, ಪುಟಿನ್ ಎದುರಿಗೇ ಭ್ರಷ್ಟಾಚಾರದ ಮಾತೆತ್ತಿದ್ದರು. ಅದೇ ವರ್ಷ ಅಕ್ಟೋಬರ್ 25ರಂದು ನೊವೊಸಿಬಿರ್ಸ್ಕ್ ವಿಮಾನ ನಿಲ್ದಾಣದಲ್ಲಿ ಅವರ ಬಂಧನವಾಯಿತು.

ಇನ್ನು ಯೂಕೋಸ್ ಆಸ್ತಿಯ ಹರಾಜಿಗೆ ಬನ್ನಿ. 2004ರ ಡಿಸೆಂಬರ್ 19, ಭಾನುವಾರ, ಮಾಸ್ಕೋ. ತೆರಿಗೆ ಬಾಕಿ ವಸೂಲಿಗೆಂದು ಹರಾಜಿಗಿಟ್ಟದ್ದು ಯೂಕೋಸ್‌ನ ಯುಗಾನ್‌ಸ್ಕ್‌ನೆಫ್ಟೆಗಾಜ್. ದಿನಕ್ಕೆ ಸುಮಾರು 10 ಲಕ್ಷ ಬ್ಯಾರೆಲ್ ತೈಲ ತೆಗೆಯುತ್ತಿದ್ದ, ಕಂಪನಿಯ ಜೀವಾಳವೇ ಆಗಿದ್ದ ಅಂಗಸಂಸ್ಥೆ. ಬಂದವರು ಇಬ್ಬರೇ. ಗಾಜ್‌ಪ್ರೋಮ್ ಕಡೆಯವರು ಬಾಯಿ ಬಿಡಲಿಲ್ಲ. ಬೈಕಲ್‌ಫಿನಾನ್ಸ್‌ಗ್ರೂಪ್ ಎಂಬ, ಯಾರೂ ಹೆಸರೇ ಕೇಳಿರದ ಕಂಪನಿ 26,075 ಕೋಟಿ ರೂಬಲ್ ಕೂಗಿತು, ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಆ ಕಂಪನಿ ನೋಂದಣಿಯಾಗಿ ತಿಂಗಳೂ ತುಂಬಿರಲಿಲ್ಲ. ಬಂಡವಾಳ 10,000 ರೂಬಲ್, ವಿಳಾಸ ತ್ವೇರ್ ಎಂಬ ಊರಿನ ಒಂದು ಹಳೇ ಕಟ್ಟಡ. ಕೆಲವೇ ದಿನಗಳಲ್ಲಿ ಸರ್ಕಾರಿ ತೈಲ ಕಂಪನಿ ರೋಸ್‌ನೆಫ್ಟ್ ಈ ಬೈಕಲ್‌ಫಿನಾನ್ಸ್‌ಗ್ರೂಪನ್ನೇ ಕೊಂಡಿತು. ಪುಟಿನ್ ಅವರ ಆರ್ಥಿಕ ಸಲಹೆಗಾರರಾಗಿದ್ದ ಆಂದ್ರೇ ಇಲ್ಲಾರಿಯೊನೊವ್ ಅವರೇ ಇದನ್ನು ವರ್ಷದ ದೊಡ್ಡ ಮೋಸ ಎಂದು ಕರೆದರು. ನಮ್ಮ ಟಿವಿ ಚರ್ಚೆಗಳಲ್ಲಿ ಕೂತು 'ಎಲ್ಲ ಕಾನೂನುಬದ್ಧ' ಎಂದು ಅರಚುವ ಪಂಡಿತರು ಈ ಹರಾಜಿನ ಬಗ್ಗೆ ಒಂದು ಪುಟವನ್ನಾದರೂ ಓದಿ ಬರಲಿ.

ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2011ರ ತೀರ್ಪಿನಲ್ಲಿ, ಯೂಕೋಸ್ ಮೇಲಿನ ಮೊಕದ್ದಮೆಯ ಹಿಂದೆ ರಾಜಕೀಯ ದುರುದ್ದೇಶವಿತ್ತು ಎನ್ನುವುದು ಸಾಬೀತಾಗಿಲ್ಲ ಎಂದಿತು. ಹಲವರು ಇದೊಂದೇ ಸಾಲು ಹಿಡಿದು ನನಗೆ ಬರೆಯುತ್ತಾರೆ. ಮುಂದಿನದನ್ನೂ ಓದಿ. ಕನಿಷ್ಠ 43,000 ಪುಟಗಳ ಕಡತ ನೋಡಿಕೊಳ್ಳಲು ಯೂಕೋಸ್ ವಕೀಲರಿಗೆ ಸಿಕ್ಕಿದ್ದು ನಾಲ್ಕೇ ದಿನ. 2000ನೇ ಸಾಲಿನ ದಂಡಕ್ಕೆ ಕಾಲಮಿತಿ ಮೀರಿತ್ತು, ಆದರೂ ಹಾಕಿದರು. ವಸೂಲಿಗೆ ತೋರಿದ ಆತುರ ಮಿತಿ ಮೀರಿತ್ತು. ಇವೆಲ್ಲ ಹಕ್ಕಿನ ಉಲ್ಲಂಘನೆ ಎಂದೂ ಅದೇ ತೀರ್ಪು ಹೇಳಿದೆ. 2014ರಲ್ಲಿ ಆ ನ್ಯಾಯಾಲಯ 187 ಕೋಟಿ ಯೂರೋ ಪರಿಹಾರ ಕೊಡಿ ಎಂದಿತು. ಕೊಡಬೇಕಾಗಿಲ್ಲ ಎಂದು 2017ರಲ್ಲಿ ರಷ್ಯಾದ ಸಾಂವಿಧಾನಿಕ ನ್ಯಾಯಾಲಯವೇ ಅಪ್ಪಣೆ ಕೊಟ್ಟಿತು!

ಖೊದೊರ್ಕೊವ್‌ಸ್ಕಿ ಸಾಚಾನೋ ಕಳ್ಳನೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಕಳ್ಳನಿಗೂ ಕಡತ ಓದಲು ಸಮಯ ಕೊಡಬೇಕು. ಅವನ ಆಸ್ತಿ ಮಾರುವಾಗಲೂ ಕೊಳ್ಳುವವರು ಯಾರೆಂದು ಊರಿಗೆ ತಿಳಿದಿರಬೇಕು. ನನ್ನ ವಿದ್ಯಾರ್ಥಿಗಳಿಗೂ ಮೊದಲ ದಿನ ಇದನ್ನೇ ಹೇಳುತ್ತೇನೆ.

ಪ್ರಶ್ನೆ: ರಷ್ಯಾ ನಮ್ಮ ಹಳೇ ಮಿತ್ರ. ಅಲ್ಲಿ ಭಾರತದ ಹೂಡಿಕೆಗೆ ಏನು ಭಯ?

ಉತ್ತರ: ಸಖಾಲಿನ್-1 ತೈಲಕ್ಷೇತ್ರದಲ್ಲಿ ನಮ್ಮ ಒಎನ್‌ಜಿಸಿ ವಿದೇಶ್‌ಗೆ ಶೇ 20 ಪಾಲಿದೆ. 2022ರ ಅಕ್ಟೋಬರ್‌ನಲ್ಲಿ ಪುಟಿನ್ ಒಂದು ಆದೇಶಕ್ಕೆ ಸಹಿ ಹಾಕಿ ಇಡೀ ಯೋಜನೆಯನ್ನು ಹೊಸ ರಷ್ಯನ್ ಕಂಪನಿಗೆ ವರ್ಗಾಯಿಸಿದರು. ತಮ್ಮದೇ ಪಾಲನ್ನು ಉಳಿಸಿಕೊಡಿ ಎಂದು ವಿದೇಶಿ ಪಾಲುದಾರರು ತಿಂಗಳೊಳಗೆ ಅರ್ಜಿ ಹಾಕಬೇಕಾಯಿತು. ನಮ್ಮವರ ಪಾಲು ಉಳಿಯಿತು, ಸಂತೋಷ. ಆದರೆ ಅರ್ಜಿ ಹಾಕಿ ಉಳಿಸಿಕೊಳ್ಳಬೇಕಾದ್ದನ್ನು ಹಕ್ಕು ಎಂದು ಕರೆಯಲು ನನಗೆ ಮನಸ್ಸಾಗದು.

ಪ್ರಶ್ನೆ: ಗ್ಯಾಸ್ ನಿಲ್ಲಿಸಿ ಹೆದರಿಸುತ್ತಾರೆ ಅನ್ನುವುದು ಅಮೆರಿಕದ ಕಟ್ಟುಕತೆಯೇ?

ಉತ್ತರ: 2009ರ ಜನವರಿಯ ಚಳಿಯಲ್ಲಿ ಎರಡು ವಾರ ಗ್ಯಾಸಿಲ್ಲದೆ ನಡುಗಿದ ಬಲ್ಗೇರಿಯಾದವರನ್ನು ಕೇಳಿ. ಆ ರಷ್ಯನ್ ಗ್ಯಾಸ್ ಬರುತ್ತಿದ್ದದ್ದು ಉಕ್ರೇನ್ ಮೂಲಕ; ಉಕ್ರೇನ್ ಕಡೆಯಿಂದಲೂ ಬಾಕಿಯ ಜಗಳವಿತ್ತು, ಒಪ್ಪುತ್ತೇನೆ.

ಪ್ರಶ್ನೆ: ರಷ್ಯಾದಿಂದ ಜರ್ಮನಿಗೆ ಗ್ಯಾಸ್ ಒಯ್ಯಲು ಹಾಕಿದ್ದ ನಾರ್ಡ್ ಸ್ಟ್ರೀಮ್ ಕೊಳವೆ ಸ್ಫೋಟಿಸಿದವರು ಯಾರು?

ಉತ್ತರ: ಯೂಟ್ಯೂಬ್‌ನಲ್ಲಿ ಹೆಸರು ಹೇಳುವವರ ಮಾತು ನಂಬಬೇಡಿ.

ಪ್ರಶ್ನೆ: ಗಾಜ್‌ಪ್ರೋಮ್ ಷೇರು ಈಗ ಅಗ್ಗ, ಮೂರು ಪಟ್ಟಾಗುತ್ತದೆ ಎಂದು ವಾಟ್ಸಾಪ್ ಗುಂಪೊಂದರಲ್ಲಿ ಕೊಡಿಸುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಬೇಡ! 2022ರ ಮಾರ್ಚ್‌ನಲ್ಲೇ ಲಂಡನ್‌ನಲ್ಲಿ ಅದರ ವಹಿವಾಟು ನಿಂತುಹೋಯಿತು. ದೊಡ್ಡ ದೊಡ್ಡ ನಿಧಿಗಳ ಹಣವೇ ಸಿಕ್ಕಿಬಿದ್ದಿರುವಾಗ ನಿಮಗೆ ವಾಟ್ಸಾಪ್‌ನಲ್ಲಿ ಷೇರು ಕೊಡುವವನು ಎಲ್ಲಿಂದ ತಂದ? ಈಗಾಗಲೇ ದುಡ್ಡು ಕಳಿಸಿದ್ದರೆ ನನಗೆ ಪತ್ರ ಬರೆಯುತ್ತ ಕೂರಬೇಡಿ, ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.