ಮರಿ ಊಸರವಳ್ಳಿಗೆ ದೊಡ್ಡ ಗೂಡು ಯಾವಾಗ?

ನಿಮ್ಮ ವೇಲ್ಡ್ ಊಸರವಳ್ಳಿಗೆ (ಮನ್ಯಾಗ ಸಾಕೋ ಪರದೇಶಿ ಜಾತಿ) ನಾಲ್ಕು ತಿಂಗಳಾತು, ಒಂದೂವರಿ ಅಡಿ ಗೂಡಿನಾಗ ಅದ, ನಾಲ್ಕಡಿ ಎತ್ತರದ್ದಕ್ಕ ಈಗೇ ಹಾಕಬಹುದೇನು ಅಂತ ಕೇಳೀರಿ. ಹಾಕ್ರಿ, ತಡ ಮಾಡಬ್ಯಾಡ್ರಿ. ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರದ ಜಾಳಗಿ ಗೂಡು ಅದಕ್ಕ ಕಡೀತನಕ ಸಾಕಾಗ್ತದ.

ದೊಡ್ಡ ಗೂಡಿನಾಗ ಹುಳ ಸಿಗದ ಉಪವಾಸ ಬೀಳ್ತದ ಅನ್ನೋ ನಿಮ್ಮ ಅಂಜಿಕಿ ಸಣ್ಣ ಮರಿಗಳ ಮಟ್ಟಿಗೆ ಖರೆ. ಅದಕ್ಕ ಈಗಿನ ಗೂಡಿನಾಗ ಇರೂವಾಗನ ಕ್ರಿಕೆಟ್ ಹುಳ ಒಂದು ಡಬ್ಬಿಯೊಳಗ ಹಾಕಿ ಟೊಂಗಿಗೆ ಕಟ್ಟಿ ರೂಢಿ ಮಾಡಸ್ರಿ. ಆಮ್ಯಾಲೆ ಅದೇ ಡಬ್ಬಿ, ಅದೇ ಹಳೇ ಟೊಂಗಿ ಹೊಸ ಗೂಡಿಗೆ ಒಯ್ಯಿರಿ. ಒಳಗೊಂದು ದಾಸವಾಳದ ಕುಂಡ ಇಡ್ರಿ, ಎಲಿ ತಿಂದ್ರೂ ಚಿಂತಿಲ್ಲ. ಬಟ್ಟಲಾಗಿನ ನೀರು ಇವು ಸಾಮಾನ್ಯವಾಗಿ ಕುಡಿಯಂಗಿಲ್ಲ, ಎಲಿ ಮ್ಯಾಲಿನ ಹನಿನೇ ನೆಕ್ಕತಾವ.

ನಾನು ಬಾಗಲಕೋಟ್ಯಾಗ ನನ್ನ ಮರಿ ಸ್ಥಳಾಂತರ ಮಾಡಿದಾಗ ಎರಡು ದಿನ ಮ್ಯಾಲಿನ ಮೂಲ್ಯಾಗ ಕಪ್ಪಗಾಗಿ ಕೂತಿತ್ತು. ನಾ ಹತ್ತಿರ ಹೋದ್ರ ಟೊಂಗಿ ಹಿಂದ ಸರಕೊಂಡು ಒಂದೇ ಕಣ್ಣು ಹೊರಗ ಹಾಕಿ ನೋಡ್ತಿತ್ತು. ಮೂರನೇ ದಿನ ಹಸಿರು ತಿರುಗಿ ಹುಳ ಹಿಡೀತು. ಹಂಗಾದ್ರ ಗಾಬರಿ ಆಗಬ್ಯಾಡ್ರಿ, ಎತ್ತಿ ಮುಟ್ಟಿ ನೋಡಬ್ಯಾಡ್ರಿ.

ನನಗ ಕಾಳಜಿ ಇರೂದು ನಿಮ್ಮ ವಿಜಯಪುರದ ಬಿಸಲಿಂದು. ಏಪ್ರಿಲ್‌ದಾಗ 40 ಡಿಗ್ರಿ ಆಗೂ ಊರು. ಪಡುವಣ ಕಿಟಕಿ ಹತ್ತಿರ ಗೂಡು ಇಡಬ್ಯಾಡ್ರಿ. ಖೋಲಿನೇ 32 ದಾಟಿದ್ರ ಗೂಡಿಗೆ ಕಾವು ಕೊಡೂ ಬಲ್ಬ್ ಆರಿಸ್ರಿ. ಮೈ ಬಿಳಚಿ ಬಾಯಿ ತೆರಕೊಂಡು ಕೂತ್ರ ಸೆಕಿ ತಡೀವಲ್ದು ಅಂತ ಅರ್ಥ, ಕೂಡ್ಲೇ ತಂಪಿಗೆ ತರ್ರಿ.

ಇಂಥ ಪರದೇಶಿ ಪ್ರಾಣಿ ಸಾಕೋರು ನೋಂದಣಿ ಮಾಡಸೂ ಕೇಂದ್ರ ಪರಿಸರ ಇಲಾಖೆಯ ವೆಬ್‌ಸೈಟ್ ಆದ ಪರಿವೇಶ್ ಪೋರ್ಟಲ್‌ನಾಗ ಅದರ ನೋಂದಣಿ ಆಗಿರಲಿಲ್ಲಂದ್ರ ಈ ವಾರನ ಮಾಡಸ್ರಿ.