ಷೇರು ಪ್ರಶ್ನೋತ್ತರ: ಅಸಲು ಬರುವವರೆಗೆ ಕಾಯಬೇಕೆ?

ಪ್ರಶ್ನೆ: ಇಂಟರ್ನೆಟ್ ಕಂಪನಿಯೊಂದರ 200 ಷೇರುಗಳನ್ನು ತಲಾ 300 ರೂಪಾಯಿಗೆ ಕೊಂಡಿದ್ದೆ. ಈಗ 180 ಆಗಿದೆ. ಅಸಲು ಬರುವವರೆಗೆ ಮಾರಬಾರದು ಎಂಬುದು ನನ್ನ ಲೆಕ್ಕ. ಇನ್ನೂ 200 ಕೊಂಡು ಆವರೇಜ್ ಮಾಡು ಎನ್ನುತ್ತಾನೆ ತಮ್ಮ. ಯಾರ ಮಾತು ಸರಿ?
– ಓದುಗರು, ಮೂಡಿಗೆರೆ

ಉತ್ತರ: ನೀವು 300 ಕೊಟ್ಟಿದ್ದೀರಿ ಎಂಬುದು ಮಾರುಕಟ್ಟೆಗೆ ಗೊತ್ತಿಲ್ಲ. 180ರಿಂದ ಅಲ್ಲಿಗೆ ಮುಟ್ಟಲು ಷೇರು ಶೇ 67ರಷ್ಟು ಏರಬೇಕು. ತಮ್ಮ ಹೇಳಿದಂತೆ ಮಾಡಿದರೆ ಸರಾಸರಿ 240ಕ್ಕೆ ಇಳಿಯುತ್ತದೆ, ಶೇ 33 ಏರಿದರೆ ಸಾಕು. ಆದರೆ ಬೆಲೆ 120ಕ್ಕೆ ಬಿದ್ದರೆ 36,000 ಆಗಬೇಕಿದ್ದ ನಷ್ಟ 48,000 ಆಗುತ್ತದೆ.

ಮೊದಲು ಇಳಿದದ್ದೇಕೆ ಎಂದು ನೋಡಿ. 2021ರಲ್ಲಿ 76 ರೂಪಾಯಿಗೆ ಐಪಿಒ (ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ) ಬಂದ ಜೊಮ್ಯಾಟೊ 2022ರ ಜುಲೈ ಕೊನೆಗೆ 40ರ ಆಸುಪಾಸಿಗೆ ಕುಸಿಯಿತು. ಐಪಿಒಗೆ ಮುಂಚಿನ ಹೂಡಿಕೆದಾರರ ಒಂದು ವರ್ಷದ ಲಾಕ್-ಇನ್ (ಷೇರು ಮಾರಬಾರದೆಂಬ ನಿರ್ಬಂಧ) ಆಗಷ್ಟೇ ಮುಗಿದು, ಮಾರುವವರು ಒಟ್ಟಿಗೇ ಬಂದಿದ್ದರು. ವ್ಯಾಪಾರವೇನೂ ಆ ವಾರ ಕೆಟ್ಟಿರಲಿಲ್ಲ. 2023ರ ಏಪ್ರಿಲ್-ಜೂನ್‌ನಲ್ಲಿ ಕಂಪನಿ ಮೊದಲ ಸಲ 2 ಕೋಟಿ ಲಾಭ ತೋರಿಸಿತು. ಪೇಟಿಎಂ ಕಥೆಯೇ ಬೇರೆ. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಹೊಸ ಠೇವಣಿ ಪಡೆಯದಂತೆ ಆರ್‌ಬಿಐ ತಡೆಯಿತು. ಅದು ವ್ಯವಹಾರದ ಬುಡಕ್ಕೇ ಬಿದ್ದ ಪೆಟ್ಟು.

ಆಮೇಲೆ ನಗದು. ‘ಹೊಂದಾಣಿಕೆ ಮಾಡಿದ ಎಬಿಟ್ಡಾ’ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಗಳಿಕೆ) ಲಾಭದಲ್ಲಿದೆ ಎಂಬ ಪತ್ರಿಕಾ ಹೇಳಿಕೆಗೆ ಮರುಳಾಗಬೇಡಿ. ನೌಕರರಿಗೆ ಕೊಡುವ ಷೇರುಗಳ ವೆಚ್ಚವನ್ನು ಅದರಿಂದ ಬಿಟ್ಟಿರುವುದೇ ಹೆಚ್ಚು. ವಾರ್ಷಿಕ ವರದಿಯ ಕ್ಯಾಶ್ ಫ್ಲೋ (ನಗದು ಬಂದು ಹೋದ ಲೆಕ್ಕ) ಪುಟ ತೆರೆಯಿರಿ. ಕೈಯಲ್ಲಿ 1,200 ಕೋಟಿ ಇದ್ದು, ತ್ರೈಮಾಸಿಕಕ್ಕೆ 100 ಕೋಟಿ ಕರಗುತ್ತಿದ್ದರೆ ಮೂರು ವರ್ಷ ಉಸಿರಿದೆ. 300 ಕೋಟಿ ಕರಗುತ್ತಿದ್ದರೆ ಒಂದೇ ವರ್ಷ, ಆಮೇಲೆ ಹೊಸ ಷೇರು ಬಿಟ್ಟು ಹಣ ಎತ್ತಬೇಕು, ನಿಮ್ಮ ಪಾಲು ಕಿರಿದಾಗುತ್ತದೆ. ಬೆಲೆ ಬರಲೆಂದು ಗೋದಾಮಿನಲ್ಲಿಟ್ಟ ಕಾಫಿ ಚೆರ್ರಿ ಹೀಗೆ ಪಾಲು ಕಳೆದುಕೊಳ್ಳುವುದಿಲ್ಲ. ಕಾಫಿ ಸೀಮೆಯವರು ಷೇರನ್ನೂ ಹಾಗೇ ಹಿಡಿದಿಟ್ಟುಕೊಂಡು ಎಡವುವುದು ಇಲ್ಲೇ.

ಇವತ್ತು ಕೈಯಲ್ಲಿ 36,000 ನಗದು ಇದ್ದಿದ್ದರೆ ಇದೇ ಷೇರನ್ನು ಕೊಳ್ಳುತ್ತಿದ್ದಿರಾ? ಇಲ್ಲ ಎಂದಾದರೆ ಇಟ್ಟುಕೊಳ್ಳಲೂ ಕಾರಣವಿಲ್ಲ. ಹೌದು ಎಂದಾದರೂ ಆವರೇಜ್ ಮಾಡಲು ಇನ್ನೆರಡು ತ್ರೈಮಾಸಿಕದ ಫಲಿತಾಂಶ ಬರಲಿ. ತಮ್ಮನಿಗೆ ಬೇಸರವಾದರೆ ಆಗಲಿ.

ಪ್ರಶ್ನೆ: ಷೇರಿನ ನಷ್ಟವನ್ನು ಕಾಫಿ ಆದಾಯದಲ್ಲಿ ಕಳೆಯಬಹುದೆ? ನಷ್ಟಕ್ಕೆ ಮಾರಿ ಮತ್ತೆ ಕೊಂಡರೆ ತಪ್ಪೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಕಾಫಿ ಆದಾಯದಲ್ಲಿ ಕಳೆಯಲು ಬರುವುದಿಲ್ಲ, ಬಂಡವಾಳ ನಷ್ಟ ಬಂಡವಾಳ ಲಾಭದ ಎದುರಿಗೆ ಮಾತ್ರ. ಕೊಂಡು 12 ತಿಂಗಳೊಳಗೆ ಮಾರಿದ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭಗಳಲ್ಲಿ ಕಳೆಯಬಹುದು. 12 ತಿಂಗಳು ದಾಟಿದರೆ ದೀರ್ಘಾವಧಿ ಲಾಭದಲ್ಲಷ್ಟೇ. ಹಾಗಾಗಿ ಹನ್ನೊಂದನೇ ತಿಂಗಳಲ್ಲಿ ಒಮ್ಮೆ ಲೆಕ್ಕ ತೆಗೆದು ನೋಡಿ. ಉಳಿದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೇ ಸಲ್ಲಿಕೆಯಾಗಿರಬೇಕು.

ಮತ್ತೆ ಕೊಳ್ಳುವುದು ತಪ್ಪಲ್ಲ. ಅದೇ ದಿನ ಕೊಂಡರೆ ಮಾತ್ರ ಇಂಟ್ರಾಡೇ (ಒಂದೇ ದಿನದೊಳಗಿನ ವ್ಯವಹಾರ) ಎನಿಸಿಕೊಳ್ಳುತ್ತದೆ, ಹಳೆಯ ಷೇರು ಡಿಮ್ಯಾಟ್ ಖಾತೆಯಿಂದ ಹೊರಗೇ ಹೋಗಿರುವುದಿಲ್ಲ, ಅದರ ನಷ್ಟವೂ ಲೆಕ್ಕಕ್ಕೆ ಸಿಗುವುದಿಲ್ಲ. ಮರುದಿನ ಕೊಳ್ಳಿ. 12 ತಿಂಗಳ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ಪ್ರಶ್ನೆ: ಸ್ಟಾಪ್ ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ಮಾರು ಎಂಬ ಆರ್ಡರ್) ಹಾಕಿದ್ದರೂ ಷೇರು ಮಾರಾಟವಾಗಲಿಲ್ಲ. ಏಕೆ?
– ಓದುಗರು, ಸಕಲೇಶಪುರ

ಉತ್ತರ: ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 180, ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಬೆಲೆ) 178 ಎಂದಿಟ್ಟು, ಬೆಳಿಗ್ಗೆ ಷೇರು 160ಕ್ಕೇ ತೆರೆದರೆ ಆರ್ಡರ್ ಹಾಗೇ ನೇತಾಡುತ್ತದೆ. ಲೋವರ್ ಸರ್ಕ್ಯೂಟ್‌ನಲ್ಲಿ (ಒಂದು ದಿನದಲ್ಲಿ ಬೆಲೆ ಬೀಳಬಹುದಾದ ಕೊನೆಯ ಮಿತಿ) ಕೊಳ್ಳುವವರೇ ಇರುವುದಿಲ್ಲ: 2024ರ ಫೆಬ್ರುವರಿ 1 ಮತ್ತು 2ರಂದು ಪೇಟಿಎಂ ಎರಡೂ ದಿನ ಶೇ 20 ಬಿದ್ದು 761ರಿಂದ 487ಕ್ಕೆ ಬಂತು. ಸಾಮಾನ್ಯ ಸ್ಟಾಪ್ ಲಾಸ್ ಆ ದಿನದ ಮಟ್ಟಿಗಷ್ಟೇ, ಸಂಜೆಗೆ ರದ್ದು. ದಿನಗಟ್ಟಲೆ ಉಳಿಯಬೇಕಾದರೆ ಜಿಟಿಟಿ (ಟ್ರಿಗರ್ ಬೆಲೆ ಬರುವವರೆಗೆ ಉಳಿಯುವ ಆರ್ಡರ್) ಹಾಕಿ, ಲಿಮಿಟನ್ನು ಟ್ರಿಗರ್‌ಗಿಂತ ಸಾಕಷ್ಟು ಕೆಳಗಿಡಿ. ಬ್ರೋಕರ್‌ಗೆ ಡಿಡಿಪಿಐ (ಮಾರಿದ ಷೇರನ್ನು ನಿಮ್ಮ ಖಾತೆಯಿಂದ ತೆಗೆಯಲು ಕೊಡುವ ಅಧಿಕಾರಪತ್ರ) ಸಹಿ ಮಾಡಿಕೊಟ್ಟಿದ್ದೀರಾ ನೋಡಿಕೊಳ್ಳಿ. ಇಲ್ಲದಿದ್ದರೆ ಟಿಪಿನ್ (ಷೇರು ಮಾರಲು ಒಪ್ಪಿಗೆ ಕೊಡುವ ಗುಪ್ತಸಂಖ್ಯೆ) ಅನುಮತಿ ಇಲ್ಲವೆಂದು ಜಿಟಿಟಿಯೂ ತಿರಸ್ಕೃತವಾಗಬಹುದು.